ಮಂಜಿನಮನಿ ಸ್ಟೇಷನ್ನಿನ ಬೋರ್ಡು

ಅವರ ಬಲಗೈಯ ಕಿರುಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟು, ಅದರ ಸುತ್ತ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಬಿಡದ ಹಳದಿ ಬಣ್ಣ. ಅಕ್ಷರ ಬರೆಯುವಾಗ ಆ ಒಂದು ಬೆರಳನ್ನು ಕೈವಾರದ ಮುಳ್ಳಿನಂತೆ ಹಲಗೆಗೆ ಊರಿ, ಉಳಿದ ಕೈಯನ್ನು ಅದರ ಸುತ್ತ ತಿರುಗಿಸುತ್ತಿದ್ದರು. ಅವರು ಬರೆದ ಸೊನ್ನೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಯಾರೂ ತೋರಿಸಲಾರರು.

ಇಷ್ಟು ಬರೆದು ಅವರ ಮಗಳಿಗೆ ಫೋನ್ ಮಾಡಿದೆ. "ಉಗುರಿತ್ತಲ್ಲಕ್ಕಾ, ಅರ್ಧ ಇತ್ತು," ಎಂದಳು. ಒಂದೇ ಮನೆಯಲ್ಲಿ ಅವರ ಜೊತೆ ಬದುಕಿದವಳು ಅವಳು. ಒಂದು ಬೇಸಿಗೆಯಲ್ಲಿ ಆ ಬೆರಳನ್ನು ನೋಡುತ್ತ ಕೂತವಳು ನಾನು. ನನ್ನ ವಾಕ್ಯವನ್ನು ಅಳಿಸುವುದಿಲ್ಲ, ಅವಳ ಅರ್ಧ ಉಗುರನ್ನೂ ಪಕ್ಕದಲ್ಲೇ ಇಡುತ್ತೇನೆ. ಅವರ ವಿಷಯದಲ್ಲಿ ನಾನು ಒಮ್ಮೆ ಅಳಿಸುವ ಕೆಲಸ ಮಾಡಿದ್ದೇನೆ, ಅದಕ್ಕೇ ಈ ಎಚ್ಚರ.

ನಾವೆಲ್ಲ ಅವರನ್ನು ಪೇಂಟರ್ ತಾತ ಎನ್ನುತ್ತಿದ್ದೆವು. ರೈಲು ನಿಲ್ದಾಣಗಳ ಹೆಸರಿನ ಹಲಗೆ ಬರೆಯುವುದು ಅವರ ನೌಕರಿ. ನಲವತ್ತು ವರ್ಷ ಬಳ್ಳಾರಿಯ ಸುತ್ತಮುತ್ತ, ಆಂಧ್ರದ ಗಡಿಯ ಆಚೆಗೂ ಈಚೆಗೂ, ಹಳದಿಯ ಮೇಲೆ ಕಪ್ಪು ಬರೆದು ನಿವೃತ್ತರಾಗಿದ್ದರು. ಒಂಬತ್ತು ಬೇಸಿಗೆಗಳ ಹಿಂದೆ ಅವರಿಗೊಂದು ಇಲ್ಲದ ಊರಿನ ಬೋರ್ಡು ಬರೆಯುವ ಕೆಲಸ ಬಂತು.

ಅದೊಂದು ಮಕ್ಕಳ ಸಿನಿಮಾ. ಮುಂದಿನ ವರ್ಷದ ಬೇಸಿಗೆ ರಜೆಗೆ ಬಿಡುಗಡೆ ಮಾಡಲೆಂದು ತೆಗೆಯುತ್ತಿದ್ದದ್ದು. ಮೂವರು ಮಕ್ಕಳು ರಜೆಯಲ್ಲಿ ಬೆಟ್ಟ ಹತ್ತುವ ಪುಟ್ಟ ರೈಲಿನಲ್ಲಿ ಅಜ್ಜಿಯ ಊರಿಗೆ ಹೋಗುತ್ತಾರೆ, ಆ ರೈಲು ನಿಂತುಹೋಗಲಿದೆ ಎಂದು ತಿಳಿದು ಅದನ್ನು ಉಳಿಸಿಕೊಳ್ಳುತ್ತಾರೆ. ಅಜ್ಜಿಯ ಊರಿಗೆ ನಿರ್ದೇಶಕರು ಇಟ್ಟ ಹೆಸರು ಮಂಜಿನಮನೆ. ಯಾವ ನಕ್ಷೆಯಲ್ಲೂ ಇಲ್ಲದ ಆ ತಂಪು ಊರನ್ನು ಕಟ್ಟಲು ಅವರು ಆರಿಸಿದ್ದು ಕುರುಗೋಡಿನ ಗುಡ್ಡದ ಬದಿಯಲ್ಲಿ ಕಲ್ಲು ತೆಗೆದು ಬಿಟ್ಟಿದ್ದ ಒಂದು ಕ್ವಾರಿಯನ್ನು. ತಿಂಗಳು ಏಪ್ರಿಲ್. ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು.

ಗುಜರಿಯಿಂದ ತಂದ ಕಂಬಿಗಳನ್ನು ಒಂದಿಷ್ಟು ದೂರ ಹಾಸಿದರು. ಟ್ರ್ಯಾಕ್ಟರಿಗೆ ತಗಡು ಹೊದಿಸಿ, ಚಿಮಣಿ ಇಟ್ಟು ಇಂಜಿನ್ ಮಾಡಿದರು. ಬೆಳಗಿನ ಹಿಮಕ್ಕೆಂದು ಬಳ್ಳಾರಿಯ ಜಿನ್ನಿಂಗ್ ಮಿಲ್ಲಿನಿಂದ ಹತ್ತಿ ತಂದು ಬಂಡೆಗಳ ಮೇಲೆ ಹರಡಿದರು. ಮೊದಲ ದಿನ ಗಾಳಿ ಅದನ್ನು ಎತ್ತಿಕೊಂಡು ಹೋಯಿತು, ಎರಡನೆಯ ದಿನ ಆಡುಗಳು ತಿಂದವು. ಕ್ಯಾಮೆರಾ ಸ್ವಲ್ಪ ಎಡಕ್ಕೆ ತಿರುಗಿದರೂ ದೂರದಲ್ಲಿ ಕುಡತಿನಿಯ ವಿದ್ಯುತ್ ಸ್ಥಾವರದ ಹೊಗೆಯಾಡುವ ಚಿಮಣಿಗಳು ಕಾಣುತ್ತಿದ್ದವು. ಮಂಜಿನ ಯಂತ್ರ ಕೆಟ್ಟು ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಾಗ ತಾತ ಆ ಕಡೆ ಕೈ ತೋರಿಸಿ, "ಅವ್ರಿಗೊಂದು ಫೋನ್ ಹಚ್ರಿ, ಬೇಕಾದಷ್ಟು ಕಳಸ್ತಾರ," ಎಂದಿದ್ದರು.

ನನ್ನ ಕೆಲಸ ಭಾಷೆ. ಮಕ್ಕಳನ್ನು ಸಿರುಗುಪ್ಪದ ಒಂದು ಶಾಲೆಯಿಂದ ಆರಿಸಿ ತಂದಿದ್ದರು. ಅವರ ಬಾಯಿಂದ ನಮ್ಮ ಕಡೆಯ ಮಾತನ್ನು ತೆಗೆದು, ಎಲ್ಲ ಕಡೆ ನಡೆಯುವ ಮಾತನ್ನು ಇಡಬೇಕಿತ್ತು. ನಾನು ಕುರುಗೋಡಿನವಳೇ. ಆದರೆ ಓದುವಾಗ, ಆಮೇಲೆ ಕೆಲಸ ಹುಡುಕುವಾಗ, ನನ್ನ ಬಾಯನ್ನು ನಾನೇ ತೊಳೆದುಕೊಂಡಿದ್ದೆ. ಆ ತೊಳೆದ ಬಾಯಿಗಾಗಿಯೇ ನಿರ್ದೇಶಕರು ನನ್ನನ್ನು ಕರೆದಿದ್ದರು. ಅದು ನನ್ನ ಮೊದಲ ಸಿನಿಮಾ.

ಮೊದಲ ದಿನ ತಾತ ಕೇಳಿದರು, "ಯಾವೂರವಾ ನಿಂದು?"

"ಇದೇ ಊರು ತಾತ, ಕುರುಗೋಡು."

"ಮಾತು ಕುರುಗೋಡಂದಲ್ಲಲ್ಲ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇರ್ಲಿ ಬಿಡು ಮೇಡಮ್ಮಾ," ಎಂದರು. ಅಂದಿನಿಂದ ನಾನು ಮೇಡಮ್ಮ. ಅದರಲ್ಲಿ ಗೌರವ ಎಷ್ಟಿತ್ತು, ಚೇಷ್ಟೆ ಎಷ್ಟಿತ್ತು ಎಂದು ಈಗಲೂ ಪಾಲು ಮಾಡಲಾರೆ.

ಬೋರ್ಡಿನ ವಿಷಯಕ್ಕೆ ಅವರಿಗೂ ನಿರ್ದೇಶಕರಿಗೂ ಮೊದಲ ದಿನವೇ ಹತ್ತಿಕೊಂಡಿತು. ಮೂರು ಭಾಷೆ ಬೇಡ, ಕಥೆಯ ಊರು, ಕನ್ನಡವೊಂದೇ ಸಾಕು ಎಂದರು ನಿರ್ದೇಶಕರು. ತಾತ ಗೊಣಗಿ ಒಪ್ಪಿದರು. ಆಮೇಲೆ ಟೇಪು ಮಡಚುತ್ತ ಕೇಳಿದರು:

"ಎತ್ತರ ಎಷ್ಟು ಬರೀಲ್ರಿ?"

"ಯಾವ ಎತ್ತರ?"

"ಸಮುದ್ರದ ಮಟ್ಟದಿಂದ್ರಿ. ಹೆಸರಿನ ಕೆಳಗ ಬರಿಬೇಕಲ್ರಿ."

"ಏನಾದ್ರೂ ಹಾಕಿ ತಾತ. ಯಾರ್ ನೋಡ್ತಾರೆ ಅದನ್ನ?"

"ಗಾಡ್ಯಾಗ ಕುಂತಂವ ನೋಡ್ತಾನ್ರಿ. ಅವಗ ಮಾಡಾಕ ಬ್ಯಾರೆ ಏನ್ ಕೆಲಸಿರ್ತೈತಿ? ಏನಾದ್ರೂ ಅನ್ನೋ ಎತ್ತರ ಎಲ್ಲೂ ಇಲ್ರಿ."

ನಿರ್ದೇಶಕರು ನಕ್ಕು ನನ್ನ ಕಡೆ ಕೈ ತೋರಿಸಿ ಹೋದರು. ತಾತ ನನ್ನೆದುರು ಕುಕ್ಕರಗಾಲಲ್ಲಿ ಕೂತು ಕಥೆಯನ್ನು ಪೂರ್ತಿ ಕೇಳಿದರು. ಗಾಡಿ ಕೆಳಗಿನಿಂದ ಎಷ್ಟು ತಾಸು ಏರುತ್ತದೆ? ದಾರಿಯಲ್ಲಿ ನೀರಿಗೆ ಎಷ್ಟು ಕಡೆ ನಿಲ್ಲುತ್ತದೆ? ಅಜ್ಜಿ ಬೇಸಿಗೆಯಲ್ಲೂ ಸ್ವೆಟರ್ ಹಾಕುತ್ತಾಳೋ, ಬರೀ ಶಾಲು ಸಾಕೋ? ಶಾಲು ಸಾಕು ಎಂದೆ. ಶಾಲು ಎಂದೊಡನೆ ಅವರ ಮನಸ್ಸಿನಲ್ಲಿ ಊರು ಸ್ವಲ್ಪ ಕೆಳಗಿಳಿದಿರಬೇಕು. ಬೆರಳು ಮಡಚಿ ಲೆಕ್ಕ ಹಾಕಿ, "ಸಾವಿರದ ಒಂಬೈನೂರಾ ಎಂಬತ್ತಾರು ಮೀಟರು, ಪಾಯಿಂಟ್ ನಲವತ್ತು," ಎಂದರು.

"ಪಾಯಿಂಟ್ ನಲವತ್ತು ಯಾಕೆ ತಾತ? ಎರಡು ಸಾವಿರ ಅಂತ ಹಾಕಿಬಿಡಿ."

"ಗುಂಡ ನಂಬರ್ ಇದ್ರ ಯಾರೂ ನಂಬಾಂಗಿಲ್ಲ ಮೇಡಮ್ಮಾ. ಬಾಲ ಇರಬೇಕು."

ಆಗ ನಕ್ಕಿದ್ದೆ. ಈಗ ಆ ಮಾತನ್ನು ನೆನಪುಗಳನ್ನು ಬರೆಯುವ ನನ್ನ ಕೆಲಸದಲ್ಲಿ ದಿನವೂ ಬಳಸುತ್ತೇನೆ. ಉರುಟಾದ, ಕೈಗೆ ಚೆನ್ನಾಗಿ ಕೂರುವ ನೆನಪು ಸಿಕ್ಕಿದರೆ ಇದನ್ನು ಯಾರೋ ಉಜ್ಜಿದ್ದಾರೆ ಎಂದು ತಿಳಿಯುತ್ತೇನೆ. ಉಜ್ಜಿದವಳು ನಾನೇ ಆಗಿರುವುದೇ ಹೆಚ್ಚು.

ಅವರ ಕೆಲಸವನ್ನು ನೋಡುವುದೇ ಒಂದು ಹಬ್ಬ. ದಾರಕ್ಕೆ ಸುಣ್ಣದ ಪುಡಿ ಮೆತ್ತಿ, ಹಲಗೆಯ ಮೇಲೆ ಎಳೆದು ಹಿಡಿದು, ನಡುವೆ ಚಿಟ್ಟನೆ ಮೀಟಿ ಬಿಡುವರು. ನೇರ ಬಿಳಿ ಗೆರೆ. ಕುಂಚ ಅದ್ದುವ ಮೊದಲು ಅಕ್ಷರವನ್ನು ಗಾಳಿಯಲ್ಲಿ ಒಮ್ಮೆ ಬರೆಯುವರು. ಬರೆಯುತ್ತಿರುವಾಗ ಮಾತಾಡಿಸಿದರೆ ಉತ್ತರವಿಲ್ಲ. ಮುಗಿದ ಮೇಲೆ ತೆಲುಗಿನಲ್ಲಿ "ಅಯಿಪೋಯಿಂದಿ" ಎನ್ನುವರು, ಆಯಿತು ಎಂದು. ಕನ್ನಡದ ಬೋರ್ಡಿಗೂ ಅದೇ ತೆಲುಗು ಪದ. ಯಾಕೆ ಎಂದರೆ, "ಕಲಿಸಿದಾಂವ ಹಂಗ ಅಂತಿದ್ದ," ಎಂದರು.

ಆಯಿತು ಎನ್ನುವ ಮೊದಲು ಒಂದು ಕೆಲಸ ಉಳಿದಿರುತ್ತಿತ್ತು. ಬರೆದದ್ದನ್ನು ಕೊನೆಯ ಅಕ್ಷರದಿಂದ ಮೊದಲ ಅಕ್ಷರಕ್ಕೆ, ಒಂದೊಂದನ್ನೇ ಕಿರುಬೆರಳಲ್ಲಿ ತೋರಿಸುತ್ತ, ಜೋರಾಗಿ ಓದುವರು.

"ಮುಂದಿಂದ ಓದಿದ್ರ ತಲಿಯಾಗಿಂದು ಓದ್ತೀವಿ. ಹಿಂದಿಂದ ಓದಿದ್ರ ಹಲಗಿ ಮ್ಯಾಲಿಂದು ಓದ್ತೀವಿ. ಹಿಂಗ ಓದಿದ್ದಕ್ಕ ನಲವತ್ತು ವರ್ಷದಾಗ ಒಂದಕ್ಷರ ತಪ್ಪಿಲ್ಲ, ನೋಡು." ಇದನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಬಳ್ಳಾರಿಯಲ್ಲಿ ಬೋರ್ಡು ಬರೆಯುವವರ ಓಣಿಯೊಂದಿತ್ತು. ಅಲ್ಲಿ ಯಾರಿಗಾದರೂ ಅಕ್ಷರದ ಅನುಮಾನ ಬಂದರೆ ಇವರ ಮನೆಗೇ ಬರುತ್ತಿದ್ದರಂತೆ.

ಒಂದು ಸಲ ಮಾತ್ರ ಎಡವಟ್ಟಾಗಿದೆ ಎಂದು ಅವರೇ ಹೇಳಿದರು. ನೌಕರಿಗೆ ಸೇರಿದ ಹೊಸತು. ಗಡಿಯ ಸಣ್ಣ ಸ್ಟೇಷನ್ನಿಗೆ ಆಫೀಸಿನಿಂದ ಬಂದ ಚೀಟಿಯಲ್ಲಿ ಊರ ಹೆಸರಿಗೆ ದೀರ್ಘವಿರಲಿಲ್ಲ. ಗುಮಾಸ್ತ ಬಿಟ್ಟಿದ್ದಾನೆ ಎಂದುಕೊಂಡು ಇವರು ದೀರ್ಘ ಎಳೆದರು. ವಾರ ಕಳೆಯುವುದರೊಳಗೆ ಆ ಊರಿನ ಹಿರಿಯರು ಅದೇ ಗಾಡಿ ಹತ್ತಿ ಆಫೀಸಿಗೆ ಬಂದರು. "ನಮ್ಮ ಊರೇನ್ ರಬ್ಬರ್ ಐತೇನ್ರಿ, ಎಳಿಯಾಕ?" ಎಂದು ಕೇಳಿದರಂತೆ. ಇವರು ಹೋಗಿ, ಊರೆಲ್ಲ ಸುತ್ತ ನಿಂತು ನೋಡುತ್ತಿರುವಾಗ, ದೀರ್ಘವನ್ನು ಕೆರೆದು ತೆಗೆದರು. ಕೆರೆದ ಮೇಲೆ ಆ ಊರವರೇ ಮಜ್ಜಿಗೆ ಕೊಟ್ಟರು.

"ಅದು ತಪ್ಪಲ್ಲ, ಸೊಕ್ಕು," ಎಂದರು ತಾತ. "ಅವತ್ತಿಂದ ಚೀಟ್ಯಾಗ ಇದ್ದಂಗ ಬರೀತೀನಿ. ಅನುಮಾನ ಬಂದ್ರ ಕೇಳ್ತೀನಿ, ತಿದ್ದಾಂಗಿಲ್ಲ. ಊರ ಹೆಸರು ಊರವ್ರದು. ನಂದು ಬರೇ ಕುಂಚ."

ಮಂಜಿನಮನೆಗೆ ಊರವರಿರಲಿಲ್ಲ. ಹಾಗಾಗಿ ಚೀಟಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸಂಭಾಷಣೆಯ ನೋಟುಪುಸ್ತಕದಿಂದ ಅರ್ಧ ಹಾಳೆ ಹರಿದು, ಹಸಿರು ಶಾಯಿಯ ಪೆನ್ನಿನಲ್ಲಿ ಹೆಸರು ಬರೆದು ಕೊಟ್ಟೆ. ಆ ಹೊತ್ತಿಗೆ ಅವ್ವನ ಫೋನ್ ಬಂದಿತ್ತು, ಎರಡು ಮೈಲಿ ದೂರದ ಊರಿನಿಂದ. "ಇಲ್ಲೇ ಅದೀಯಂತ, ಮನಿಗೆ ಯಾವಾಗ ಬರ್ತಿ?" ಎಂದು ಕೇಳುತ್ತಿದ್ದಳು. ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಬರೆದೆ. ಈ ಕಾರಣ ತೀರಾ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ನನಗೆ ಇದರ ಮೇಲೆ ಪೂರ್ತಿ ನಂಬಿಕೆಯಿಲ್ಲ. ಅವ್ವನ ಫೋನ್ ಆ ದಿನ ಬಂದದ್ದು ಖಂಡಿತ. ಅದೇ ಗಳಿಗೆಯಲ್ಲಿ ಬಂತೇ ಎನ್ನುವುದು ಗೊತ್ತಿಲ್ಲ. ನಾನು ಚೀಟಿಯಲ್ಲಿ ಬರೆದದ್ದು ಮಾತ್ರ ಗೊತ್ತಿದೆ: ಮಂಜಿನಮನಿ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಮಕ್ಕಳಿಗೆ ಮಾತು ತಿದ್ದಿಸುತ್ತ ಕೂತಿದ್ದೆ.

"ಅಜ್ಜಿ ಮನಿ ಎಲ್ಲೈತಿ?" ಎಂದಳು ಹುಡುಗಿ.

"ಅಜ್ಜಿ ಮನೆ ಎಲ್ಲಿದೆ. ಹೇಳು, ಮನೆ. ನೆ."

"ಮನೆ. ಆದ್ರ ಅಕ್ಕಾ, ನಮ್ಮಜ್ಜಿಗೆ ಮನಿ ಐತ್ರಿ. ಮನೆ ಇಲ್ರಿ."

ಮಕ್ಕಳೆಲ್ಲ ಹೋ ಎಂದರು. ನಾನು ಗದರಿಸಿದೆ. ತಲೆ ಎತ್ತಿ ನೋಡಿದರೆ ತಾತ ಚೀಟಿ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಮೇಡಮ್ಮಾ, ಇದ್ರಾಗ ಇದ್ದಂಗ ಬರೀಲೇನು?"

"ಬರೀರಿ ತಾತ."

"ಇದ್ದಂಗ?"

"ಇದ್ದ ಹಾಗೆ."

"ಖರೇನ?"

"ಎಷ್ಟು ಸಲ ಹೇಳಬೇಕು ತಾತ? ಚೀಟಿಯಲ್ಲಿರುವ ಹಾಗೇ ಬರೀರಿ!"

ಅವರು ನಕ್ಕರು. ಹಲ್ಲು ಕಾಣುವಂತೆ, ನನ್ನೊಬ್ಬಳಿಗೇ ಎಂಬಂತೆ ನಕ್ಕು, ಚೀಟಿಯನ್ನು ಮಡಚಿ ಖಾಕಿ ಅಂಗಿಯ ಕಿಸೆಗೆ ಹಾಕಿಕೊಂಡು ಹೋದರು. ಮುದುಕರ ನಗು ಎಂದುಕೊಂಡು ಮಕ್ಕಳ ಕಡೆ ತಿರುಗಿದೆ.

ಬೋರ್ಡು ನಿಂತಿತು. ಕಪ್ಪು ಬಂಡೆಗಳ ಮುಂದೆ ಹಳದಿ ಹಲಗೆ. ಅದನ್ನು ನೋಡಿದ ಮೇಲೆಯೇ ಆ ತಗಡಿನ ಟ್ರ್ಯಾಕ್ಟರು ರೈಲಾದದ್ದು, ಕ್ವಾರಿ ಬೆಟ್ಟವಾದದ್ದು. ಮೂರು ದಿನ ಅದರ ಮುಂದೆ ಚಿತ್ರೀಕರಣ ನಡೆಯಿತು. ಮಕ್ಕಳು ಇಳಿದರು, ಅಜ್ಜಿಯನ್ನು ತಬ್ಬಿದರು, ಕಂಬಿಯ ಮೇಲೆ ಮಲಗಿ ರೈಲು ತಡೆದರು. ಮೂವತ್ತು ನಲವತ್ತು ಜನ ಆ ಹೆಸರನ್ನು ದಿನವಿಡೀ ಮುಂದಿನಿಂದ ಓದಿದೆವು. ಎಲ್ಲರೂ ತಲೆಯಲ್ಲಿದ್ದದ್ದನ್ನು ಓದಿದೆವು.

ನಾಲ್ಕನೆಯ ದಿನ ಬೆಳಿಗ್ಗೆ ಬೆಂಗಳೂರಿನಿಂದ ನಿರ್ಮಾಪಕರ ಫೋನ್ ಬಂತು. ಕಳಿಸಿದ ದೃಶ್ಯಗಳನ್ನು ಅವರು ನೋಡಿದ್ದರು. ನಿರ್ದೇಶಕರು ಸ್ಪೀಕರ್ ಹಾಕಿದ್ದರಿಂದ ನಮಗೆಲ್ಲ ಕೇಳಿಸಿತು: "ಏನ್ರೀ ಅದು ಮಂಜಿನಮನಿ? ಮನಿ ಅಂದ್ರೆ ದುಡ್ಡಾ? ಮಂಜಿನ ದುಡ್ಡಾ?"

ನಿರ್ದೇಶಕರು ಬೋರ್ಡಿನ ಕಡೆ ತಿರುಗಿದರು. ನಾವೆಲ್ಲರೂ ತಿರುಗಿದೆವು. ನಾನು ಆಗ ಮೊದಲ ಸಲ ಅದನ್ನು ಓದಿದೆ. ನಿರ್ದೇಶಕರು ಕೂಗಾಡಿದರು:

"ಯಾರ್ ಬರೆದಿದ್ದು ಇದು? ಯಾರ್ ಚೆಕ್ ಮಾಡಿದ್ದು? ಮೂರು ದಿನದ ಕೆಲಸದಲ್ಲಿ ಈ ಬೋರ್ಡಿದೆ, ಈಗ ತಿದ್ದೋಕೂ ಆಗಲ್ಲ!"

ತಾತ ಏಣಿಯ ಪಕ್ಕ ಕುಂಚ ತೊಳೆಯುತ್ತಿದ್ದರು. ಅವರ ಕಿಸೆಯಿಂದ ಚೀಟಿಯ ಅಂಚು ಹೊರಗೆ ಕಾಣುತ್ತಿತ್ತು. ಅದನ್ನು ತೆಗೆದು ತೋರಿಸಿದರೆ ಮುಗಿಯಿತು. ನೆ ಕಲಿಸಲು ಬಂದವಳು ನಿ ಬರೆದಿದ್ದಾಳೆ ಎಂದು ಅಂದೇ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಅವರು ಚೀಟಿಯನ್ನು ತೆಗೆದರು. ಕೈಯಲ್ಲಿದ್ದ ಕುಂಚವನ್ನು ಅದರಲ್ಲಿ ಒರೆಸಿದರು. ಒಂದು ಬದಿ, ಆಮೇಲೆ ತಿರುಗಿಸಿ ಇನ್ನೊಂದು ಬದಿ. ಹಸಿರು ಶಾಯಿಯ ಮೇಲೆ ಕಪ್ಪು ಬಣ್ಣ ಕೂತಿತು. ಮುದ್ದೆ ಮಾಡಿ ಬಕೆಟ್ಟಿಗೆ ಹಾಕಿದರು.

"ನನ್ನ ಕೈ ತಪ್ಪೈತ್ರಿ," ಎಂದರು. "ನಾ ಸಾಲಿ ಕಲತಂವ ಅಲ್ರಿ."

"ಸಾಲಿ ಅಂತೆ ನೋಡಿ!" ಎಂದು ನಿರ್ದೇಶಕರು ಕೈ ಚೆಲ್ಲಿದರು. ಯಾರೋ ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು.

ಈ ಮುಂದಿನ ವಾಕ್ಯವನ್ನು ನಾನು ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. ಎಲ್ಲರೂ ನೋಡುತ್ತಿದ್ದರು, ಮಕ್ಕಳೂ ನೋಡುತ್ತಿದ್ದರು. ನಾನು ಅವರ ಹತ್ತಿರ ಹೋಗಿ, ತೊಳೆದ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಅಂದೆ: "ನೋಡ್ಕೊಂಡು ಬರೀಬೇಕಲ್ವಾ ತಾತ?"

ತಾತ ನನ್ನ ಮುಖ ನೋಡಿದರು. ಬೇವಿನ ಮರದ ಕೆಳಗೆ ನಕ್ಕಿದ್ದ ಮುಖದಲ್ಲಿ ನಗು ಇರಲಿಲ್ಲ. "ಹೌದವಾ," ಎಂದು ಏಣಿ ಮಡಚಿದರು. ಆ ದಿನ ಮೇಡಮ್ಮ ಎನ್ನಲಿಲ್ಲ.

ಸಿನಿಮಾ ಬಂತು. ಚಿತ್ರಮಂದಿರದಲ್ಲಿ ಓಡಲಿಲ್ಲ. ಆದರೆ ಟಿವಿಯಲ್ಲಿ ಪ್ರತಿ ಬೇಸಿಗೆ ರಜೆಗೆ ಒಂದಾದರೂ ಸಲ ಬರುತ್ತದೆ. ಮಕ್ಕಳು ಸ್ವಚ್ಛವಾಗಿ ಮಂಜಿನಮನೆ ಎನ್ನುತ್ತಾರೆ, ಅವರ ಹಿಂದೆ ಬೋರ್ಡು ಮಂಜಿನಮನಿ ಎನ್ನುತ್ತದೆ. ಅದರಿಂದ ನನಗೆ ಇನ್ನೂ ನಾಲ್ಕು ಸಿನಿಮಾಗಳ ಸಂಭಾಷಣೆಯ ಕೆಲಸ ಸಿಕ್ಕಿತು. ತಾತನಿಗೆ ಬೋರ್ಡು ಬರೆಯುವವರ ಓಣಿಯಲ್ಲಿ ಹೊಸ ಹೆಸರು ಸಿಕ್ಕಿತು: ಮನಿ ತಾತ. ಅಕ್ಷರದ ಅನುಮಾನ ಕೇಳಲು ಜನ ಅವರ ಮನೆಗೆ ಬರುವುದು ಕಡಿಮೆಯಾಯಿತು.

ನಾನು ಅದನ್ನೊಂದು ಕಥೆ ಮಾಡಿಕೊಂಡೆ. ಸಭೆಗಳಲ್ಲಿ ಜನ ಆಕಳಿಸತೊಡಗಿದರೆ ಆ ಕಥೆ ತೆಗೆಯುವೆ. ಬಳ್ಳಾರಿಯ ಬಿಸಿಲಿನಲ್ಲಿ ಕಟ್ಟಿದ ಹಿಮದ ಊರು, ಹತ್ತಿ ತಿಂದ ಆಡು, ಓದು ಬಾರದ ಪೇಂಟರು, ಹತ್ತಡಿ ಬೋರ್ಡಿನ ಮೇಲೆ ಒಂದು ತಪ್ಪು ಅಕ್ಷರ. "ನಾ ಸಾಲಿ ಕಲತಂವ ಅಲ್ರಿ" ಎಂದು ಅವರ ದನಿಯಲ್ಲೇ ಹೇಳುವೆ. ಅದನ್ನು ಹೇಳುವಾಗ ನನ್ನ ಬಾಯಿಗೆ ನಮ್ಮ ಕಡೆಯ ಮಾತು ಎಷ್ಟು ಚೆನ್ನಾಗಿ ಬರುತ್ತಿತ್ತು! ಚಪ್ಪಾಳೆ ಬೀಳುತ್ತಿತ್ತು. ಅದೊಂದು ಗುಂಡಾದ ಕಥೆ. ಅದಕ್ಕೆ ಬಾಲವೇ ಇರಲಿಲ್ಲ.

ನಾಲ್ಕು ವರ್ಷದ ಮೇಲೆ ಬಳ್ಳಾರಿಯ ಒಂದು ಕಾಲೇಜಿಗೆ ಮಾತಿಗೆ ಕರೆದರು. ಅಲ್ಲೂ ಹೇಳಿದೆ, ಅಲ್ಲೂ ನಕ್ಕರು. ಕೆಳಗಿಳಿದಾಗ ಒಬ್ಬ ಹುಡುಗಿಯ ಹೆಗಲು ಹಿಡಿದು ತಾತ ನಿಂತಿದ್ದರು. ಅವರ ಮೊಮ್ಮಗಳು ಅದೇ ಕಾಲೇಜಿನಲ್ಲಿ ಓದುತ್ತಿದ್ದಳು. ಮುಂದಿನಿಂದ ಮೂರನೆಯ ಸಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿದ್ದರು.

ಅವರೇ ಅಂದರು:

"ಚಲೋ ಹೇಳಿದಿ ಮೇಡಮ್ಮಾ. ಒಂದು ತಪ್ಪು ಐತಿ."

"ಏನು ತಾತ?"

"ಬೋರ್ಡು ಹತ್ತಡಿ ಇರಲಿಲ್ಲ. ಎಂಟಡಿ. ನೀ ಅಳದಿಲ್ಲ."

ಅಷ್ಟೇ ಹೇಳಿ ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ಹೋದರು. ಹುಡುಗಿ ಮಾತ್ರ ತಿರುಗಿ ತಿರುಗಿ ನನ್ನನ್ನು ನೋಡುತ್ತಿದ್ದಳು. ಆ ಕಥೆಯನ್ನು ಆಮೇಲೆ ಎಲ್ಲೂ ಹೇಳಲಿಲ್ಲ. ಹೇಳದಿರುವುದು ಸುಲಭವಾಗಿತ್ತು. ಅವರ ಮನೆ ಬಾಗಿಲಿಗೆ ಹೋಗಲು ನನಗೆ ಮತ್ತೆರಡು ವರ್ಷ ಬೇಕಾಯಿತು.

ಬಳ್ಳಾರಿಯ ಕೋಟೆ ಗುಡ್ಡದ ಹಿಂದಿನ ಓಣಿಯಲ್ಲಿ ಅವರ ಮನೆ. ಮಗಳು ಜೀನ್ಸ್ ಪ್ಯಾಂಟುಗಳಿಗೆ ಕಿಸೆ ಹೊಲಿಯುತ್ತಿದ್ದಳು. ಪಡಸಾಲೆ ತುಂಬ ನೀಲಿ ಬಟ್ಟೆಯ ಗುಡ್ಡೆ, ಯಂತ್ರದ ಗರಗರ. ತಾತ ಗೋಡೆಗೊರಗಿ ಒಗ್ಗರಣೆ ಹಾಕಿದ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದರು. ಒಂದು ಮಿರ್ಚಿಯನ್ನು ನನ್ನ ಕಡೆ 'ತಿನ್ನು' ಎಂಬಂತೆ ಚಾಚಿದರು.

ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. "ತಾತ, ಅವತ್ತು ನಾನು ನಿಮಗೆ..." ಎಂದು ಶುರು ಮಾಡಿದೆ. ಯಂತ್ರದ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ, ಕೇಳಿಸಲಿಲ್ಲ. ಕಿರುಚಬೇಕಾಯಿತು. ಕಿರುಚುವಾಗ ನನ್ನ ಬಾಯಿ ತನ್ನ ಊರಿಗೆ ಓಡಿತು.

"ತಾತಾ, ಆ ಚೀಟಿ ನಾನ ಬರದಿದ್ದು! ತಪ್ಪು ನಂದು!"

ಯಂತ್ರ ನಿಂತಿತು. ಮಗಳು ತಲೆ ಎತ್ತಿದಳು.

"ಒದರಬ್ಯಾಡ, ಕೇಳಿಸ್ತು," ಎಂದರು ತಾತ. "ನಿಂದಲ್ಲದ ಮತ್ತ್ಯಾರದು? ಹಸಿರು ಶಾಯಿ."

"ಮತ್ತ ಯಾಕ ನಿಮ್ಮ ಮ್ಯಾಲ ಹಾಕ್ಕಂಡ್ರಿ? ಬರಿಯಾಕ ಮೊದಲ ತಿದ್ದಬಹುದಿತ್ತಲ್ಲ?"

"ಕೇಳಿದ್ನಲ್ಲ, ಮೂರು ಸಲ. ಇದ್ದಂಗ ಬರಿ ಅಂದಿ." ಬೆರಳಿಗಂಟಿದ ಮಂಡಕ್ಕಿಯನ್ನು ಕೊಡವಿದರು. "ನಾ ಏನ್ ತಿಳ್ಕಂಡೆ ಗೊತ್ತೇನು? ಅವ್ರು ಹುಡುಗರ ಬಾಯಾಗಿಂದು 'ಮನಿ' ಕೀಳಾಕ ಹಚ್ಯಾರ. ಈಕಿ ನಮ್ಮೂರ ಹುಡುಗಿ, ಬಾಯಾಗಿಂದು ತಗದು ಬೋರ್ಡಿನ ಮ್ಯಾಲ ಇಟ್ಳು ನೋಡು, ಯಾರಿಗೂ ತಿಳೀದಂಗ. ಭಲೇ ಅಂದ್ಕಂಡೆ."

ಅವರು ಕೊಟ್ಟಿದ್ದ ಮಿರ್ಚಿಯನ್ನು ಕೆಳಗಿಟ್ಟೆ.

"ನಲವತ್ತು ವರ್ಷ ಊರ ಹೆಸರು ಬರದೀನಿ. ಹಳ್ಳಿ, ಪುರ, ಕಲ್ಲು, ಏನೇನೋ. ನಾ ಬಾಯಾಗ ಆಡೋದು ಒಂದರ ಬೋರ್ಡಿನ ಮ್ಯಾಲ ಬಂದಿದ್ದಿಲ್ಲ. ಅವತ್ತು ಬರದು ಮುಗಿಸಿ ಹಿಂದಿಂದ ಓದಿದೆ. ಮೊದಲ 'ನಿ' ಬಂತು. ಎದಿ ಝಲ್ ಅಂತು, ಖರೇ. ಅಯಿಪೋಯಿಂದಿ ಅನ್ನೋದ ಮರತೆ. ಅದಕ್ಕ ಅವಯ್ಯ ಒದರಿದಾಗ ಚೀಟಿ ಒರಸಿದೆ. ಪಾಪ, ಹುಡುಗಿ ಗುಟ್ಟು ಯಾಕ ಹೊರಗ ಬರಬೇಕು ಅಂತ."

"ಆಮ್ಯಾಲ?"

"ಆಮ್ಯಾಲ ನೀ ಬಂದು 'ಬರೀಬೇಕಲ್ವಾ' ಅಂದಿ. ಆಗ ತಿಳೀತು. ಓ, ಈಕಿ ಬರದಿಲ್ಲ, ಈಕಿ ಕೈ ಜಾರೇತಿ."

"ಬ್ಯಾಸರಾತೇನು ತಾತ?"

"ಆತು. ಬೋರ್ಡಿಗಲ್ಲ." ಮಗಳ ಕಡೆ ತಿರುಗಿ, "ಹೊಲಿ ಹೊಲಿ, ಏನ್ ನೋಡ್ತಿ? ಮೇಡಮ್ಮಗ ಚಾ ಮಾಡು ಮೊದಲ," ಎಂದರು.

ಚಹಾ ಕುಡಿದೆ. ಓಣಿಯವರಿಗೆಲ್ಲ ನಾನೇ ಹೇಳಿ ಹೋಗುತ್ತೇನೆ ಎಂದೆ. ಬೇಡ ಎಂದರು. ಬೇಡ ಎಂದು ಎಷ್ಟು ಗಟ್ಟಿಯಾಗಿ ಅಂದರು ಎಂದು ನೆನಪಿಸಿಕೊಳ್ಳಲು ಯತ್ನಿಸುತ್ತೇನೆ. ಗಟ್ಟಿಯಾಗಿ ಅಂದರು ಎಂದರೆ ನನಗೆ ಅನುಕೂಲ. ಬಹುಶಃ ಅಷ್ಟೇನೂ ಗಟ್ಟಿಯಾಗಿ ಅನ್ನಲಿಲ್ಲ. ನಾನು ಹೇಳದೆ ಬಸ್ಸು ಹತ್ತಿದೆ.

ಹೋದ ಶ್ರಾವಣದಲ್ಲಿ ಅವರು ಹೋದರು. ಮಧ್ಯಾಹ್ನ ಉಂಡು ಕೈ ತೊಳೆದು ಮಲಗಿದವರು ಏಳಲಿಲ್ಲ ಎಂದು ಮಗಳು ಹೇಳಿದಳು. ಹನ್ನೊಂದನೆಯ ದಿನದ ಕಾರ್ಯಕ್ಕೆ ಎರಡು ದಿನ ಮೊದಲೇ ಹೋದೆ. ಓಣಿಯ ಬಾಯಿಗೆ ಕಟ್ಟಲು ಒಂದು ಫ್ಲೆಕ್ಸ್ ಬೇಕಿತ್ತು. ಅವರು ಫ್ಲೆಕ್ಸನ್ನು ಮುಟ್ಟಿದವರಲ್ಲ, ಆದರೆ ಬರೆಯುವವರು ಈಗ ಯಾರಿದ್ದಾರೆ? ಓಣಿಯವರೆಲ್ಲ ಕುಂಚ ಬಿಟ್ಟು ಕಂಪ್ಯೂಟರ್ ಹಿಡಿದಿದ್ದಾರೆ. "ಅಕ್ಕಾ, ನೀವ ಬರದು ಕೊಡ್ರಿ," ಎಂದಳು ಮಗಳು. ಕಿಸೆ ಕತ್ತರಿಸಲು ಇಟ್ಟಿದ್ದ ಕಾಗದದ ಅರ್ಧವನ್ನು ಹರಿದುಕೊಂಡೆ. ಅವರ ಹೆಸರು, ದಿನ, ಕೆಳಗೆ ಸ್ಥಳ. ಆ ಕೊನೆಯ ಸಾಲಿನಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ, ನೋಡಿಕೊಂಡು ಬರೆದೆ: ತಾತನ ಮನಿ, ಇದೇ ಓಣಿ.

ಫ್ಲೆಕ್ಸ್ ಅಂಗಡಿಯವನು ಅಕ್ಷರ ಜೋಡಿಸಿ ಪರದೆ ತೋರಿಸಿದ. ತಾತನ ಮನೆ ಎಂದಿತ್ತು. ನಾನು ಹಿಂದಿನಿಂದ ಓದಿದ್ದರಿಂದ ಸಿಕ್ಕಿತು.

"ಮನಿ ಅಂತ ಮಾಡ್ರಿ."

"ಅಕ್ಕಾ, ನೀವು ಗಡಿಬಿಡ್ಯಾಗ ಬರದೀರಿ ಅಂತ ನಾನ ತಿದ್ದೀನ್ರಿ. ಮನಿ ತಪ್ಪಲ್ರಿ?"

"ಚೀಟ್ಯಾಗ ಇದ್ದಂಗ ಹಾಕ್ರಿ."

"ಖರೇನ್ರಿ?"

"ಖರೇ."

ಹನ್ನೊಂದನೆಯ ದಿನ ಬೆಳಿಗ್ಗೆ ಓಣಿಯ ಬಾಯಲ್ಲಿ ಅದನ್ನು ಕಟ್ಟಿದರು. ಊಟಕ್ಕೆ ಬಂದ ಹಳೆಯ ಪೇಂಟರುಗಳು ಐದಾರು ಜನ ಅದರ ಕೆಳಗೆ ನಿಂತು ಕತ್ತೆತ್ತಿ ಓದಿದರು. ಒಬ್ಬರು ಹಲ್ಲು ಬಿಟ್ಟರು. "ಲೇ, ನೋಡ್ರಲೇ. ಮನಿ ತಾತ ಸತ್ತ ಮ್ಯಾಲೂ ಅದ ತಪ್ಪು ಮಾಡ್ಯಾನ!" ಸುತ್ತ ನಿಂತವರು ನಕ್ಕರು. ಬಾಗಿಲಲ್ಲಿ ಮಗಳು ನಿಂತಿದ್ದಳು, ಮೊಮ್ಮಗಳೂ ನಿಂತಿದ್ದಳು. ಮೊಮ್ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಇಲ್ರಿ," ಎಂದೆ, ಓಣಿಗೆಲ್ಲ ಕೇಳುವಂತೆ. "ತಾತ ಒಂದಕ್ಷರ ತಪ್ಪು ಬರದಿಲ್ಲ. ಈ ಚೀಟಿ ನಂದು. ಆ ಸ್ಟೇಷನ್ನಿನ ಚೀಟೀನೂ ನಂದು. ಅವ್ರು ನನ್ನ ಕೇಳಿದ್ರು, ಚೀಟ್ಯಾಗ ಇದ್ದಂಗ ಬರದ್ರು. ಆಮ್ಯಾಲ ನನಗಾಗಿ ಸುಮ್ನಿದ್ರು."

ಯಾರೂ ನಗಲಿಲ್ಲ. ಹಲ್ಲು ಬಿಟ್ಟಿದ್ದವರು ತಲೆಯ ಟವಲು ತೆಗೆದು ಹೆಗಲಿಗೆ ಹಾಕಿಕೊಂಡರು. ಇನ್ನೊಬ್ಬರು ಫ್ಲೆಕ್ಸನ್ನು ಮತ್ತೊಮ್ಮೆ ಓದಿದರು. ಬೆರಳೆತ್ತಿ, ಕೊನೆಯ ಅಕ್ಷರದಿಂದ.

ಇದನ್ನು ಮುಂಚೆಯೇ ಹೇಳಬಹುದಿತ್ತು, ಅವರು ಕೇಳಿಸಿಕೊಳ್ಳುವಂತೆ. ಆ ಭಾಗವನ್ನು ತಿದ್ದಲು ಬರುವುದಿಲ್ಲ.

ಫ್ಲೆಕ್ಸು ಆರಡಿಗೆ ಮೂರೂಮುಕ್ಕಾಲಡಿ ಇತ್ತು. ಟೇಪು ಹಿಡಿದು ಅಳೆದಿದ್ದೇನೆ.